ಟೋಪಿ ರಾಜನ ಬಾಯಿಗೆ ಬಾರದ ಹೆಸರು

ಏಳು ಫ್ರೀವೇ ದಾಟಿ, ಎಂಟನೆಯದರಲ್ಲಿ ಎಕ್ಸಿಟ್ಟು ತಪ್ಪಿ, ಗಂಡನ ಕೈಲಿ ಬೈಸಿಕೊಂಡು ಹಿಂದಿರುಗಿ ಬಂದರೆ ಸಿಗುವ ಊರಿನಲ್ಲಿ, ಪ್ರತಿಯೊಬ್ಬ ಪ್ರೋಗ್ರಾಮರನೂ ಕಾಗದದ ಮೇಲೆ ಕುಬೇರನಾಗಿದ್ದ ಕಾಲದಲ್ಲಿ, ಒಬ್ಬ ರಾಜನಿದ್ದ. ವಯಸ್ಸು ಎಂಬತ್ತೊಂದು. ಕಿರೀಟವಿರಲಿಲ್ಲ, ಬಿಳಿ ಟೋಪಿಯಿತ್ತು. ಅದರ ಅಂಚು ಎಷ್ಟು ಅಗಲವೆಂದರೆ ಮಳೆ ಬಂದರೆ ಅಡಿಯಲ್ಲಿ ಒಂದು ಮೇಕೆ ನಿಲ್ಲಬಹುದಿತ್ತು. ರಾಜದಂಡದ ಬದಲು ಪಿಟೀಲಿನ ಕಮಾನು. ಪ್ರಜೆಗಳು ಮೂವರು, ಮೂವರಿಗೂ ಕಿವಿ ಅಷ್ಟಕ್ಕಷ್ಟೆ.

ಊರು ಸ್ಯಾನ್ ಹೊಸೆ. ರಾಜನ ಹೆಸರು ಡೆಲ್ಬರ್ಟ್. ರಾಜ್ಯವೆಂದರೆ ಟೈರ್ ಅಂಗಡಿಯ ಪಕ್ಕದ ಹಳೆಯ ಗ್ರೇಂಜ್ ಹಾಲು. ಆ ಕಣಿವೆಯೆಲ್ಲ ಹಣ್ಣಿನ ತೋಟವಾಗಿದ್ದಾಗ ರೈತರು ಸೇರಲೆಂದು ಕಟ್ಟಿಕೊಂಡದ್ದು. ಆಳ್ವಿಕೆ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ. ಉಳಿದ ಹೊತ್ತೆಲ್ಲ ರಾಜ ಮನೆಯಲ್ಲಿ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದ.

ಈ ರಾಜನಿಗೊಂದು ಶಾಪವಿತ್ತು. ಮೂವರು ಪ್ರಜೆಗಳಲ್ಲಿ ಒಬ್ಬನ ಹೆಸರು ಅವನ ಬಾಯಿಗೆ ಬರುತ್ತಿರಲಿಲ್ಲ. ನಲವತ್ತು ವರ್ಷದಿಂದ ಬಂದಿರಲಿಲ್ಲ.

ವಸುಧಾ ಇದನ್ನು ತನ್ನೊಳಗೆ ಹೀಗೇ ಹೇಳಿಕೊಳ್ಳುತ್ತಿದ್ದಳು. ಗದಗಿನಲ್ಲಿ ಅಜ್ಜಿ ಕಮಲವ್ವನ ಕಥೆ ಕೇಳುತ್ತ ಬೆಳೆದವಳು. ಅವಳ ಕಣ್ಣಿಗೆ ಯಾವುದೂ ಇದ್ದಂತೆ ಕಾಣುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ವಾರದಲ್ಲಿ ಗ್ರೋಸರಿ ಅಂಗಡಿಯ ಬಾಗಿಲು ತಾನಾಗಿ ತೆರೆದುಕೊಂಡಾಗ, ಒಳಗಿನ ರಾಕ್ಷಸನಿಗೆ ಗೊತ್ತಾಗದಿರಲಿ ಎಂದು ತುದಿಗಾಲಲ್ಲಿ ನಡೆದಿದ್ದಳು. ಗಂಡ ಅರವಿಂದ ಹಾಸನದವನು. ನಾಯಿ ಬೆಕ್ಕುಗಳ ಹುಟ್ಟುಹಬ್ಬಕ್ಕೆ ಇಂಟರ್ನೆಟ್ಟಿನಲ್ಲಿ ಕೇಕು ಮಾರುವ ಕಂಪನಿಯೊಂದರಲ್ಲಿ ಎಂಜಿನಿಯರು. ಅದನ್ನು ಅವನು ನಗದೆ ಹೇಳುತ್ತಿದ್ದ. ಆ ಕಾಲದಲ್ಲಿ ಯಾರೂ ನಗುತ್ತಿರಲಿಲ್ಲ. ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ, ಕನಸು ಕಾಣಬಹುದಿತ್ತು.

ಹಾಗಿರುವಾಗ ಒಂದು ದಿನ, ರಜೆಯ ಆಫೀಸೊಂದರ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅರವಿಂದ ಅವಳಿಗೆ ಕಾರು ಕಲಿಸುತ್ತಿದ್ದಾಗ, ರೇಡಿಯೋದಲ್ಲಿ ಆ ಸಂಗೀತ ಬಂತು. ಪಿಟೀಲು ಒಂದು ಸ್ವರದಿಂದ ಇನ್ನೊಂದಕ್ಕೆ ನಡೆಯುತ್ತಿರಲಿಲ್ಲ, ಜಾರುತ್ತಿತ್ತು. ಸಿಪ್ಪೆ ಮೆಟ್ಟಿದವನು ಬೀಳದೆ ಅದೇ ಜೋರಿನಲ್ಲಿ ಮದುವೆ ಚಪ್ಪರದೊಳಕ್ಕೆ ನುಗ್ಗಿದ ಹಾಗೆ. ನಡುವೆ ಒಬ್ಬ ಗಂಡಸು ಸುಖ ತಡೆಯಲಾರದೆ ‘ಆಹ್‌ಹಾ’ ಎಂದು ಕೂಗಿದ. ವಸುಧಾ ಬ್ರೇಕು ಒತ್ತಿದಳು. ಅರವಿಂದನ ಹಣೆ ಗಾಜಿಗೆ ಬಡಿಯಿತು.

“ಯಾಕೇ, ಏನಾಯ್ತೇ?”

“ಕೂಗಿದ್ದು ಯಾರು?”

“ಯಾರೋ ಗುಂಡು ಹಾಕ್ಕೊಂಡು ಮೈಕ್ ಮುಂದೆ ನಿಂತವ್ನೆ. ನೀನು ಕ್ಲಚ್ ಬಿಡು.”

“ಇದು ಆಟೊಮ್ಯಾಟಿಕ್ ಕಾರು ಅರವಿಂದ.”

ಅದು ವೆಸ್ಟರ್ನ್ ಸ್ವಿಂಗ್ ಎಂದೂ ಪ್ರತಿ ಭಾನುವಾರ ಗ್ರೇಂಜ್ ಹಾಲಿನಲ್ಲಿ ಅದನ್ನು ನುಡಿಸುತ್ತಾರೆಂದೂ ರೇಡಿಯೋದವನು ಹೇಳಿದ. ಅರವತ್ತು ವರ್ಷದ ಹಿಂದೆ ಓಕ್ಲಹೋಮಾ, ಟೆಕ್ಸಸ್ ಕಡೆ ಹೊಲಗಳೆಲ್ಲ ಧೂಳಾಗಿ ಹಾರಿಹೋದಾಗ ಕ್ಯಾಲಿಫೋರ್ನಿಯಾಕ್ಕೆ ಗುಳೆ ಬಂದವರು ಜೊತೆಗೆ ತಂದ ಕುಣಿತದ ಸಂಗೀತ. ಹಳ್ಳಿಯ ಪಿಟೀಲಿಗೆ ಪೇಟೆಯ ಜಾಝಿನ ಕೈಲಿ ತಾಳಿ ಕಟ್ಟಿಸಿದ್ದು. ಹೆಣ್ಣಿನ ಕಡೆಯವರನ್ನು ಯಾರೂ ಕೇಳಿರಲಿಲ್ಲ. ಮುಂದಿನ ಭಾನುವಾರವೇ ವಸುಧಾ ಗದಗಿನಲ್ಲಿ ಕಲಿತು ಜೊತೆಗೆ ತಂದಿದ್ದ ಪಿಟೀಲು ಎತ್ತಿಕೊಂಡು ಗ್ರೇಂಜ್ ಹಾಲಿಗೆ ಹೋದಳು.

ಅಲ್ಲಿ ಕುಣಿಯುವವರೆಲ್ಲ ಎಪ್ಪತ್ತು ದಾಟಿದವರು. ಅವರ ನಡುವೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದ ಒಂದಿಷ್ಟು ಹುಡುಗ ಹುಡುಗಿಯರು, ಸತ್ತ ತಾತಂದಿರ ಸೂಟು ಹಾಕಿಕೊಂಡು. ಇವರನ್ನೆಲ್ಲ ಹಿಡಿದಿಟ್ಟಿದ್ದು ಏನೆಂದು ವಸುಧಾಗೆ ಕೂಡಲೇ ತಿಳಿಯಿತು. ಗದಗಿನ ಬೈಠಕ್ಕುಗಳಲ್ಲಿ ವಾಹ್ ಎನ್ನುವುದು ಕೇಳುವವರ ಕೆಲಸ; ನುಡಿಸುವವರು ತಲೆ ತಗ್ಗಿಸಿ ವಿನಯ ನಟಿಸಬೇಕು. ಇಲ್ಲಿ ಬ್ಯಾಂಡಿನ ಯಜಮಾನ ತನ್ನ ಬ್ಯಾಂಡಿಗೆ ತಾನೇ ವಾಹ್ ಎನ್ನುತ್ತಾನೆ, ಚೂರೂ ನಾಚಿಕೆಯಿಲ್ಲದೆ. ನುಡಿಸುವುದು ಅರ್ಧ; ಉಳಿದರ್ಧ ಟೋಪಿ ಏರಿಸುವುದು, ಕೂಗುವುದು, ಯಾರ ಸರದಿಯೋ ಅವರ ಹೆಸರು ಹಿಡಿದು ಕರೆಯುವುದು. “ಫ್ಲಾಯ್ಡ್, ನಿನ್ನ ಪಾಲು ತಗೋ!” ಎಂದರೆ ಪಿಯಾನೋದ ಫ್ಲಾಯ್ಡ್‌ಗೆ ಇಪ್ಪತ್ತು ವರ್ಷ ಇಳಿಯುತ್ತಿತ್ತು. “ರೋಸ್ಕೋ!” ಎಂದರೆ ಆಳೆತ್ತರದ ಪಿಟೀಲಿನಂಥ ಬೇಸ್ ಅನ್ನು ಅಪ್ಪಿಕೊಂಡೇ ನಿದ್ದೆ ಮಾಡುತ್ತಿದ್ದ ರೋಸ್ಕೋ ಕಣ್ಣು ಬಿಡುತ್ತಿದ್ದ.

ವಸುಧಾ ವೇದಿಕೆಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲಿಟ್ಟು ನುಡಿಸಿ ತೋರಿಸಿದಳು. ಡೆಲ್ಬರ್ಟ್ ಬಗ್ಗಿ ನೋಡಿದ. ಅವನ ಇಂಗ್ಲಿಷಿನಲ್ಲಿ ಇನ್ನೂ ಓಕ್ಲಹೋಮಾದ ಹೊಲದ ಮಣ್ಣಿತ್ತು. ವಸುಧಾಳ ಕಿವಿಗೆ ಅದು ಊರ ಗೌಡನ ಮಾತಿನಂತೆಯೇ ಬೀಳುತ್ತಿತ್ತು.

“ಹುಡುಗಿ ಹಿಡ್ಕೊಂಡಿರೋದು ತಲೆಕೆಳಗಾಗಿ. ಆದ್ರೆ ಅಳಿಸೋದು ಸರಿಯಾಗೇ ಅಳಿಸ್ತಾಳೆ ಕಣ್ರಯ್ಯಾ. ಇರ್ಲಿ ಬಿಡಿ, ಕುರ್ಚಿ ಒಂದು ಉಳೀತು.”

ಮೂರನೆಯ ಪ್ರಜೆ ವೆಂಡೆಲ್. ಗಿಟಾರನ್ನು ಮೇಜಿನಂತೆ ಮುಂದೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ನುಡಿಸುವವನು, ಸ್ಟೀಲ್ ಗಿಟಾರು. ಅವನ ಸರದಿ ಬಂದಾಗ ಮಾತ್ರ ಡೆಲ್ಬರ್ಟ್ ಕೂಗುತ್ತಿರಲಿಲ್ಲ. ನೊಣ ಓಡಿಸುವವನಂತೆ ಗದ್ದ ಎತ್ತುತ್ತಿದ್ದ, ಅಷ್ಟೆ.

“ಐವತ್ತೊಂಬತ್ತನೇ ಇಸವಿಯಲ್ಲಿ ಈ ವೆಂಡೆಲ್ ನಮ್ಮನ್ನ ಬಿಟ್ಟು ಬೇಕರ್ಸ್‌ಫೀಲ್ಡಿನ ಬ್ಯಾಂಡಿಗೆ ಓಡಿಹೋದ,” ಎಂದು ಫ್ಲಾಯ್ಡ್ ಒಂದು ದಿನ ಕಾಫಿ ಕುಡಿಯುತ್ತ ಹೇಳಿದ. “ಅವರು ಬೆಳ್ಳಿ ಗುಂಡಿ ಇರೋ ಕೋಟು ಕೊಟ್ರು. ಹದಿನೇಳು ದಿನಕ್ಕೆ ವಾಪಸ್ ಬಂದ. ಕೋಟು ಕಡಿತಿತ್ತಂತೆ. ಇನ್ನು ಇವನ ಹೆಸರು ನನ್ನ ಮೈಕಿನಲ್ಲಿ ಬರಲ್ಲ ಅಂತ ಡೆಲ್ಬರ್ಟ್ ಆಣೆ ಹಾಕಿದ.”

“ನಲವತ್ತು ವರ್ಷ? ಹದಿನೇಳು ದಿನಕ್ಕೆ?”

“ಮೂರು ವರ್ಷದ ಹಿಂದೆ ಡೆಲ್ಬರ್ಟ್ ಹೆಂಡತಿ ಐರೀನ್ ಸಾಯೋವಾಗ ಅವನ ಕೈ ಹಿಡಿದು ಮಾತು ತಗೊಂಡ್ಲು. ಆ ಬಡಪಾಯಿ ಹೆಸರು ಒಂದೇ ಒಂದು ಸಲ ವೇದಿಕೆ ಮೇಲಿಂದ ಕರೀ ಅಂತ. ಕರೀತೀನಿ ಅಂದ. ಅವತ್ತಿಂದ ಪ್ರತಿ ಭಾನುವಾರ ಬಾಯಿ ತೆಗೀತಾನೆ. ಬರೋದು ಕೆಮ್ಮು.”

ವೆಂಡೆಲ್ ತನಗೇನೂ ಇಲ್ಲವೆಂಬಂತೆ ಇರುತ್ತಿದ್ದ. ಒಮ್ಮೆ ಮಾತ್ರ, ಗಿಟಾರಿನ ತಂತಿ ಬದಲಿಸುತ್ತ, ವಸುಧಾಗೆ ಕೇಳಿಸಲೋ ಬೇಡವೋ ಎಂಬಂತೆ ಹೇಳಿದ್ದ. “ನನ್ನ ಹೆಸರು ಮೈಕಿನಲ್ಲಿ ಹೇಗೆ ಕೇಳುತ್ತೆ ಅಂತಲೇ ಮರೆತುಹೋಗಿದೆ ಮಗೂ.”

ಎರಡು ಸಾವಿರದ ಇಸವಿಯ ಫೆಬ್ರವರಿಯಲ್ಲಿ ಅವನು ಎಲ್ಲರನ್ನೂ ನಿಲ್ಲಿಸಿ ಹೇಳಿದ. ಬೆರಳು ಮಡಿಸಲಾಗುತ್ತಿಲ್ಲ, ಮಗಳು ಅರಿಜೋನಾಗೆ ಕರೆದೊಯ್ಯುತ್ತಾಳೆ, ಮಾರ್ಚಿನ ಕೊನೆಯ ಭಾನುವಾರವೇ ತನ್ನ ಕೊನೆಯ ಆಟ. ಡೆಲ್ಬರ್ಟ್ ಪಿಟೀಲು ಪೆಟ್ಟಿಗೆಗೆ ಹಾಕಿದ. ಮರುದಿನ ಬೆಳಿಗ್ಗೆ ಬಾತ್‌ಟಬ್ಬಿನಲ್ಲಿ ನಿಂತು ಆ ಹೆಸರನ್ನು ಗಟ್ಟಿಯಾಗಿ ಅಭ್ಯಾಸ ಮಾಡಹೋಗಿ, ‘ವೆನ್’ ಎನ್ನುವಷ್ಟರಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ.

ಶಸ್ತ್ರಚಿಕಿತ್ಸೆಯಾಗಿ ಆರೈಕೆ ಕೇಂದ್ರದಲ್ಲಿ ಮಲಗಿದ್ದವನು, ಆ ಕೊನೆಯ ಭಾನುವಾರ ಹತ್ತಿರವಾದಾಗ ವಸುಧಾಳನ್ನು ಕರೆಸಿದ.

“ಭಾನುವಾರ ಬ್ಯಾಂಡು ನೀನು ನಡೆಸು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೀಬೇಕು. ಯಜಮಾನನಿಗೆ ಇರೋದು ಅದೊಂದೇ ಕೆಲಸ, ಮಿಕ್ಕಿದ್ದೆಲ್ಲ ಟೋಪಿ. ಮತ್ತೆ ಆ… ಆ ಸ್ಟೀಲ್ ಗಿಟಾರಿನವನು. ಅವನ ಹೆಸರನ್ನೂ ನನ್ನ ಪರವಾಗಿ ನೀನೇ ಕರೆದುಬಿಡು. ಐರೀನ್‌ಗೆ ಮಾತು ಕೊಟ್ಟಿದೀನಿ.”

“ಆಗಲಿ ಅಂಕಲ್,” ಎಂದಳು ವಸುಧಾ. ಹಾಸಿಗೆಯಲ್ಲಿ ಟೋಪಿಯಿಲ್ಲದೆ ಮಲಗಿದ ರಾಜನಿಗೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮನೆಯಲ್ಲಿ ಅಜ್ಜಿ ಕಮಲವ್ವ ಇದ್ದಳು. ಆರು ತಿಂಗಳ ಮಟ್ಟಿಗೆ ಮೊಮ್ಮಗಳ ಸಂಸಾರ ನೋಡಲು ಬಂದು, ಇಳಕಲ್ ಸೀರೆಯ ಕೆಳಗೆ ಅರವಿಂದನ ಹಳೆಯ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅಪಾರ್ಟ್‌ಮೆಂಟಿನ ಸುತ್ತ ಗಸ್ತು ತಿರುಗುತ್ತಿದ್ದಳು. ಕಥೆಯನ್ನೆಲ್ಲ ಕೇಳಿ ಅಡಿಕೆ ಕಡಿಯುವುದನ್ನು ನಿಲ್ಲಿಸಿದಳು.

“ಮಾತು ಕೊಟ್ಟಾಂವ ಅಂವಾ. ತೀರಸಾಕಿ ನೀನ?”

“ಅವರ ಪರವಾಗಿ ಅಜ್ಜಿ.”

“ನಾ ಹೇಳಿದ ಕಥಿ ಎಲ್ಲಾ ನುಂಗಿ ನೀರ ಕುಡದಿ ನೋಡು. ಸಾಯೂ ಹೇಣ್ತಿಗೆ ಮಾತು ಕೊಟ್ಟು, ರಾಜ ತಾ ಬಿಟ್ಟು ಮಂತ್ರೀನ ಕಳಿಸಿದ್ರ ಏನಾಕ್ಕಾನ?”

“ಕಲ್ಲಾಗ್ತಾನೆ,” ಎಂದಳು ವಸುಧಾ ಸಣ್ಣ ದನಿಯಲ್ಲಿ.

ಅರವಿಂದ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಅಜ್ಜಿ, ಇಲ್ಲಿ ಅದಕ್ಕೆ ಔಟ್‌ಸೋರ್ಸಿಂಗು ಅಂತಾರೆ. ನಮ್ಮೆಲ್ಲರ ಹೊಟ್ಟೆಪಾಡೇ ಅದು.”

“ಹೌದ? ಹಂಗಾರ ನಿನಗೊಂದು ಕೆಲಸ ಹೇಳತೀನಿ. ಭಾನುವಾರ ಗಾಡಿ ತಗೊಂಡು ಹೋಗಿ ಆ ಮುದುಕನ್ನ ಹೊತ್ತಗೊಂಡ ಬಾ.”

“ಆಸ್ಪತ್ರೆಯವರು ಬಿಡಬೇಕಲ್ಲ ಅಜ್ಜಿ!”

“ಕೇಳು. ಬಾಯಿ ಐತಿಲ್ಲೋ? ನಾಯಿಗೆ ಕೇಕ ಮಾರಾವ, ಇಷ್ಟು ಮಾಡಾಕ ಬರೂದಿಲ್ಲ?”

ಭಾನುವಾರ ಹಾಲು ತುಂಬಿತ್ತು. ಮುಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಕಮಲವ್ವ ಚುರುಮುರಿಯ ಡಬ್ಬಿ ಹಿಡಿದು ಕೂತಿದ್ದಳು. ವಸುಧಾ ವೇದಿಕೆಯ ನಡುವೆ ಚಾಪೆ ಹಾಸಿ, ಮೈಕನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಕಮಾನು ಎತ್ತಿದಳು. ಮೊದಲ ಹಾಡು ಬೆಣ್ಣೆಯಂತೆ ಹೊರಟಿತು. ಫ್ಲಾಯ್ಡ್‌ನ ಸರದಿ ಬಂತು. ಅವನ ಹೆಸರು ಹಿಡಿದು ಕೂಗಬೇಕೆಂದು ಅವಳು ಬಾಯಿ ತೆರೆದಳು.

ತೊಂದರೆ ಆಗ ಗೊತ್ತಾಯಿತು. ಗಂಡನನ್ನು ಅವಳು ಅರವಿಂದ ಎಂದೇ ಕರೆಯುತ್ತಿದ್ದಳು, ಅಜ್ಜಿ ಪ್ರತಿಸಲವೂ ಶಿವ ಶಿವಾ ಎಂದುಕೊಂಡರೂ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಆದರೆ ಎಪ್ಪತ್ತೆಂಟು ವರ್ಷದ ಮುದುಕನನ್ನು, ಮುನ್ನೂರು ಜನರೆದುರು, ಮೈಕಿನಲ್ಲಿ, ಬರೀ ಹೆಸರು ಹಿಡಿದು? ಗದಗಿನಲ್ಲಿ ಪಕ್ಕದ ಮನೆಯ ಹುಚ್ಚನನ್ನೂ ಅವಳು ಮಾಮಾ ಎಂದವಳು. ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಸರದಿ ಮೀರಿಹೋಗುತ್ತಿತ್ತು. ಕೊನೆಗೆ ಬಾಯಿಂದ ಹೊರಟದ್ದು:

“ಅಂಕಲ್!”

ಅವಳು ಮೂವರನ್ನೂ ಅಂಕಲ್ ಎಂದೇ ಕರೆಯುತ್ತಿದ್ದಳು. ಮೂವರೂ ಒಟ್ಟಿಗೇ ಸುರುಮಾಡಿದರು. ಪಿಯಾನೋ ಒಂದು ಕಡೆ, ಬೇಸ್ ಒಂದು ಕಡೆ, ಸ್ಟೀಲ್ ಗಿಟಾರು ಮೇಲಿಂದ ಕೂಗುತ್ತ. ಒಂದೇ ಬಾಗಿಲಲ್ಲಿ ಮೂರು ಎತ್ತು ನುಗ್ಗಿದ ಹಾಗಾಯಿತು. ಕುಣಿಯುತ್ತಿದ್ದ ಜೋಡಿಗಳು ಒಬ್ಬರನ್ನೊಬ್ಬರು ಗುದ್ದಿ ನಿಂತರು. ತಾತನ ಸೂಟಿನ ಹುಡುಗನೊಬ್ಬ ಇದೇ ಹೊಸ ಶೈಲಿ ಇರಬೇಕೆಂದು ಚಪ್ಪಾಳೆ ತಟ್ಟಿದ.

ಎರಡನೆಯ ಹಾಡಿನಲ್ಲಿ ಜಾಣತನ ಮಾಡಿ “ಪಿಯಾನೋ!” ಎಂದಳು. ಫ್ಲಾಯ್ಡ್ ಕೈಯೆತ್ತಿ ಕೂತುಬಿಟ್ಟ.

“ನಾನೇನು ಪೀಠೋಪಕರಣವಾ?” ಎಂದು ಅವನು ಗದರಿದ್ದು ಮೈಕಿಗೂ ಕೇಳಿಸಿತು. “ಮನುಷ್ಯನ್ನ ಕರೀ ಹುಡುಗಿ!”

ವಸುಧಾಳ ಕಣ್ಣು ತುಂಬಿತು. ಮೊದಲ ಹೆಸರೇ ಬಾರದವಳು ಮೂರನೆಯದನ್ನು ಕರೆಯುವುದು ಹೇಗೆ? ಐದು ಗಂಟೆಗೆ ವೆಂಡೆಲ್ ಗಿಟಾರು ಮುಚ್ಚಿಡುತ್ತಾನೆ, ನಾಳೆಗೆ ಅರಿಜೋನಾ. ಅವನು ಅವಳ ಕಡೆ ನೋಡುತ್ತಲೇ ಇರಲಿಲ್ಲ. ಯಾರೂ ಕರೆಯದಿರುವುದು ಅಭ್ಯಾಸವಾದವನಂತೆ ತಂತಿ ಒರೆಸುತ್ತಿದ್ದ.

“ಏ ವಸೂ!” ಮುಂದಿನ ಸಾಲಿನಿಂದ ಗದಗು ಗರ್ಜಿಸಿತು. “ಬಾಯಾಗ ಏನ ಅವಲಕ್ಕಿ ಇಟಗೊಂಡೀಯೇನ? ಹೆಸರ ಹೇಳಾಕ ಬರಲಿಲ್ಲಂದ್ರ ಒಡಪು ಹಾಕ!”

ಒಡಪು! ವಸುಧಾ ತನ್ನ ಮದುವೆಯನ್ನು ನೆನೆದಳು. ಹೊಸಿಲ ಮೇಲೆ ಅಕ್ಕಿಯ ಸೇರಿಟ್ಟು, ಹೆಂಗಸರೆಲ್ಲ ದಾರಿ ಕಟ್ಟಿ, ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಕಾಡುವಾಗ, ಯಾರೂ ಹೆಸರನ್ನು ಬೆತ್ತಲೆ ಹೇಳುವುದಿಲ್ಲ. ಎರಡು ಸಾಲು ಪದ ಕಟ್ಟಿ, ಅದರ ಮಡಿಲಲ್ಲಿ ಹೆಸರನ್ನು ಕೂರಿಸಿ ಹೇಳುತ್ತಾರೆ. ಮಾತಿನಲ್ಲಿ ಹೇಳಬಾರದ ಹೆಸರನ್ನು ಪದದಲ್ಲಿ ಹೇಳಿದರೆ ತಪ್ಪಿಲ್ಲ. ಅಜ್ಜಿ ಅರವತ್ತು ವರ್ಷ ಅಜ್ಜನ ಹೆಸರನ್ನು ಹಾಗಲ್ಲದೆ ಹೇಳಿರಲಿಲ್ಲ. ರೇಷನ್ ಕಾರ್ಡಿನವನು ಕೇಳಿದಾಗಲೂ ಒಡಪೇ ಹಾಕಿದ್ದಳು, ಅವನು ಕೌಂಟರಿನಿಂದ ಎದ್ದು ನಿಂತು ಕೇಳಿದ್ದನಂತೆ.

ವಸುಧಾ ಕಮಾನು ಎತ್ತಿದಳು. ತಾಳ ಸುತ್ತಿ ಬಂತು. ಕನ್ನಡದಲ್ಲೇ ಕೂಗಿದಳು:

“ಅಡಗಿಮನಿ ಮೂಲ್ಯಾಗ ಮಜ್ಜಗಿ ಕಡಿಯೂ ಕಡಗೋಲು,
ರೋಸ್ಕೋರಾಯರು ತಂತಿ ಮೀಟಿದ್ರ ನಡಗತಾವ ಬಾಗಲು!”

ಉದ್ದನೆಯ ಕನ್ನಡದ ನಡುವೆ ತನ್ನ ಹೆಸರು ಮಿಂಚಿದ್ದು ಕೇಳಿ ರೋಸ್ಕೋ ಕಣ್ಣರಳಿಸಿದ. ಬೇಸ್ ಗುಡುಗಿತು. ಅಜ್ಜಿ ಡಬ್ಬಿ ಬಡಿದಳು.

“ಕರಿ ಹಲ್ಲು ಬಿಳಿ ಹಲ್ಲು ಎಂಬತ್ತೆಂಟ ಹಲ್ಲಿನ ಪೆಟ್ಟಿ,
ಫ್ಲಾಯ್ಡರಾಯರ ಬಾಯಾಗ ಮಾತ್ರ ನಾಕ ಉಳದಾವ ಗಟ್ಟಿ!”

ತನ್ನ ಬಗ್ಗೆ ಏನೋ ಘನವಾದದ್ದನ್ನೇ ಹೇಳಿದ್ದಾಳೆಂದು ತಿಳಿದ ಫ್ಲಾಯ್ಡ್, ಆ ನಾಲ್ಕೂ ಹಲ್ಲು ಕಾಣುವಂತೆ ನಕ್ಕು ಪಿಯಾನೋದ ಮೇಲೆ ಎರಗಿದ. ಹಾಲಿನಲ್ಲಿ ಎರಡು ಮೂರು ಕಡೆ ಜನ ತಾವೇ ‘ಆಹ್‌ಹಾ’ ಎಂದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಟೋಪಿ ಹಾಕಿದ ಬೆಕ್ಕೊಂದು ಕೇಕಿನ ಮೇಣದಬತ್ತಿ ಊದುವ ಚಿತ್ರದ ಕಂಪನಿಯ ವ್ಯಾನು ಹೊರಗೆ ಅಡ್ಡಾದಿಡ್ಡಿ ನಿಂತಿತ್ತು. ಅರವಿಂದ ಬೆವರು ಸುರಿಸುತ್ತ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅದರಲ್ಲಿ ಡೆಲ್ಬರ್ಟ್, ಆಸ್ಪತ್ರೆಯ ನೀಲಿ ಗೌನಿನ ಮೇಲೆ ಕೌಬಾಯ್ ಕೋಟು, ತಲೆಗೆ ಅದೇ ಬಿಳಿ ಟೋಪಿ.

“ಐದು ಗಂಟೆಗೆ ವಾಪಸ್ ಬಿಡ್ತೀನಿ ಅಂತ ಸಹಿ ಹಾಕಿ ಬಂದಿದೀನಿ,” ಎಂದ ಅರವಿಂದ ಅಜ್ಜಿಯ ಪಕ್ಕದಲ್ಲಿ ಕುಸಿಯುತ್ತ. “ದಾರಿಯುದ್ದಕ್ಕೂ ನಿಧಾನ ಹೋಗು ಅಂತ ಬೈದ. ಬರೀ ನಲವತ್ತು ಮೈಲಿ ಸ್ಪೀಡಿನಲ್ಲಿ ಹೋಗ್ತಿದ್ದೆ ಅಜ್ಜಿ!”

“ನೀರ ಕುಡಿ ತಮ್ಮಾ. ಶಾಣ್ಯಾ ಅದೀ.”

ನಾಲ್ಕು ಜನ ಸೇರಿ ಕುರ್ಚಿಯನ್ನು ವೇದಿಕೆಗೆ ಎತ್ತಿದರು. ವಸುಧಾ ಮೈಕನ್ನು ಅವನ ಬಾಯಿಯ ಮಟ್ಟಕ್ಕೆ ಏರಿಸಿದಳು. ಹಾಡು ನಿಂತಿರಲಿಲ್ಲ, ರೋಸ್ಕೋ, ಫ್ಲಾಯ್ಡ್ ಅದೇ ತಾಳವನ್ನು ಮೆಲ್ಲಗೆ ತಿರುಗಿಸುತ್ತ, ಸ್ಟೀಲ್ ಗಿಟಾರಿನ ಸರದಿಯ ಜಾಗವನ್ನು ಖಾಲಿ ಬಿಟ್ಟು ಕಾಯುತ್ತಿದ್ದರು. ಡೆಲ್ಬರ್ಟ್ ಬಾಯಿ ತೆರೆದ. ಕೆಮ್ಮಿದ. ತಾಳ ಒಂದು ಸುತ್ತು ಬಂತು. ಮತ್ತೆ ತೆರೆದ. ಮತ್ತೊಂದು ಸುತ್ತು. ಅವನ ಕತ್ತಿನ ನರ ಉಬ್ಬಿತು. ವೆಂಡೆಲ್ ಉಕ್ಕಿನ ತುಂಡನ್ನು ತಂತಿಯ ಮೇಲಿಟ್ಟು ಕೂತಿದ್ದ.

“ಆಗ್ತಿಲ್ಲ,” ಎಂದ ಡೆಲ್ಬರ್ಟ್ ಮೈಕಿಗೆ ಕೈ ಅಡ್ಡ ಹಿಡಿದು. “ನೀನೇ ಕರೀ.”

ವಸುಧಾ ಇನ್ನೇನು ಹೂಂ ಎನ್ನುವವಳಿದ್ದಳು. ಕಮಲವ್ವ ಸ್ಪೋರ್ಟ್ಸ್ ಶೂ ದಪದಪ ಮಾಡುತ್ತ ವೇದಿಕೆ ಹತ್ತಿ ಬಂದು, ಗಾಲಿಕುರ್ಚಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಅವಂಗ ಹೇಳ ವಸೂ. ನನಗ ಗಂಡನ ಮ್ಯಾಲಿನ ಮರ್ಯಾದಿಗೆ ಹೆಸರು ಬರತಿದ್ದಿಲ್ಲ. ಇವಂಗ ಸಿಟ್ಟಿಗೆ ಬರವಲ್ದು. ನಾಲಗಿಗೇನು ಗೊತ್ತು ಯಾವುದು ಯಾವುದಂತ? ಗಂಟು ಎರಡೂ ಒಂದ. ಹೆಸರ ಅಷ್ಟ ಹೇಳಬ್ಯಾಡ ಅನ್ನು. ಎರಡು ಸಾಲು ಕಟ್ಟಲಿ. ಬೈಯೂದಿತ್ತಂದ್ರ ಬೈಲಿ. ಹೆಸರು ಅದರಾಗ ಬರಲಿ.”

ವಸುಧಾ ಇಂಗ್ಲಿಷಿನಲ್ಲಿ ಹೇಳಿದಳು. ಡೆಲ್ಬರ್ಟ್ ಮುದುಕಿಯನ್ನು ನೋಡಿದ.

“ಬೈಬಹುದಾ?”

“ಬೈಬಹುದಂತೆ ಅಂಕಲ್.”

ನಲವತ್ತು ವರ್ಷದಲ್ಲಿ ಯಾರೂ ಅವನಿಗೆ ಈ ಅನುಮತಿ ಕೊಟ್ಟಿರಲಿಲ್ಲ. ಎಲ್ಲರೂ ಕ್ಷಮಿಸು ಎಂದೇ ಹೇಳಿದ್ದರು. ಅವನು ಕಣ್ಣು ಮುಚ್ಚಿದ. ತುಟಿ ಅಲ್ಲಾಡಿತು, ಬೆರಳು ಕುರ್ಚಿಯ ಕೈಮೇಲೆ ತಾಳ ಹಾಕಿತು. ಮುಖದ ಮೇಲೆ ಮೆಲ್ಲಗೆ ಒಂದು ಕೆಟ್ಟ ಖುಷಿ ಹರಡತೊಡಗಿತು. ತಾಳ ಮತ್ತೊಮ್ಮೆ ಸುತ್ತಿ ಬಂದಾಗ ಟೋಪಿಯನ್ನು ಹಿಂದಕ್ಕೆ ತಳ್ಳಿ, ಮೈಕನ್ನು ಎಳೆದುಕೊಂಡು, ಎದೆ ತುಂಬ ಕೂಗಿದ. ಅವನ ಇಂಗ್ಲಿಷಿನ ಹಿಂದೆಯೇ ವಸುಧಾ ಅಜ್ಜಿಯ ಕಿವಿಯಲ್ಲಿ ಹೇಳಿದ್ದು ಹೀಗೆ:

“ಐವತ್ತೊಂಬತ್ತರಾಗ ಬೇಲಿ ಹಾರಿ ಓಡಿತ್ತೊಂದು ಕತ್ತೆ,
ಹಸದು ತಿರುಗಿ ಬಂದು ನಿಂತೈತಿ, ವೆಂಡೆಲ್, ಬಾರಸೋ ಮತ್ತೆ!”

ವೆಂಡೆಲ್ ಡೆಲ್ಬರ್ಟ್‌ನ ಕಡೆ ತಿರುಗಿ, ಮೈಕಿಲ್ಲದೆಯೇ ಇಡೀ ಹಾಲಿಗೆ ಕೇಳುವಂತೆ, ಇಲ್ಲಿ ಬರೆಯಲಾಗದ ಒಂದು ಬೈಗುಳ ಬೈದ. ಬೈದು ಮುಗಿಸುವ ಮೊದಲೇ ಅವನ ಮಡಿಸಲಾಗದ ಬೆರಳುಗಳ ಕೆಳಗೆ ಉಕ್ಕು ತಂತಿಯ ಮೇಲೆ ಜಾರಿತು.